ಮಂಚದ ಕೆಳಗಿನ ಖಾಲಿ

ಕಲ್ಲಕ್ಕನ ಶೆಡ್ಡಿನಲ್ಲಿ ಯಾರು ಏನು ಬೇಕಾದರೂ ಮುಟ್ಟಬಹುದಿತ್ತು, ಮರದ ತುಂಡುಗಳನ್ನು ಬಿಟ್ಟು. ಕಲ್ಲು ಎತ್ತಿ ನೋಡಿ, ಮೂಸಿ, ನಾಲಿಗೆಗೆ ತಾಗಿಸಿ ಉಪ್ಪೋ ಸಪ್ಪೆಯೋ ಎಂದು ಪರೀಕ್ಷೆ ಮಾಡಿದರೂ ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆದರೆ ಪೆಟ್ಟಿಗೆಯಲ್ಲಿ ಕಲ್ಲುಗಳ ನಡುವೆ ಇಟ್ಟಿದ್ದ ಮರದ ತುಂಡಿಗೆ ಯಾರಾದರೂ ಕೈ ಹಾಕಿದರೋ, ಶೆಡ್ಡಿನ ಆ ತುದಿಯಿಂದ ಅವಳ ದನಿ ಬರುತ್ತಿತ್ತು. "ಅದನ್ನ ಮಾತ್ರ ಬಿಡಿ ಸಾರ್. ಇದ್ದಲ್ಲೇ ಇರ್ಲಿ." ಒಮ್ಮೆ ದೊಡ್ಡ ಕಚೇರಿಯಿಂದ ಬಂದಿದ್ದ ಅಧಿಕಾರಿಯೊಬ್ಬರು ಮಾತಿನ ಭರದಲ್ಲಿ ಅಂಥದೊಂದು ತುಂಡನ್ನು ಎತ್ತಿ ಅಂಗೈಯಲ್ಲಿ ಆಡಿಸುತ್ತಿದ್ದಾಗ, ಅವರ ಕೈಯಿಂದಲೇ ಕಿತ್ತುಕೊಂಡು ಮತ್ತೆ ಅದರ ಜಾಗದಲ್ಲಿ ಇಟ್ಟುಬಿಟ್ಟಳು. ಅವಳಿಗೆ ಸ್ವಲ್ಪ ಹುಚ್ಚಿದೆ ಎಂದು ಆಫೀಸಿನಲ್ಲಿ ಮಾತಾಡಿಕೊಂಡರು. ಮಾತಾಡಿಕೊಂಡವರೆಲ್ಲ ಆಮೇಲೆ ಸೇರಿದವರು. ಮೊದಲಿನಿಂದ ಇದ್ದವರು ಆ ಮಾತು ಬಂದಾಗ ಎದ್ದು ಹೋಗುತ್ತಿದ್ದರು.

ನೆಲದಡಿಯಲ್ಲಿ ಏನಿದೆ, ಎಷ್ಟು ಕಲ್ಲು, ಎಷ್ಟು ನೀರು ಎಂದು ಸರಕಾರ ಊರೂರಿಗೆ ಡ್ರಿಲ್ ಕಳಿಸಿ ನೋಡಲು ಶುರುಮಾಡಿದ್ದ ವರ್ಷಗಳು ಅವು. ಹೊಸ ಅಣೆಕಟ್ಟು, ಹೊಸ ಕಾರ್ಖಾನೆ, ಹೊಸ ಬಡಾವಣೆ ಎಲ್ಲ ಬರಬೇಕಿದ್ದವು. ಟೊಳ್ಳು ಮೂತಿಯ ಡ್ರಿಲ್ ನೆಲಕ್ಕೆ ಇಳಿದರೆ ಒಳಗಿನ ಕಲ್ಲು ದುಂಡಗೆ, ಒನಕೆಯ ತುಂಡಿನ ಹಾಗೆ ಕತ್ತರಿಸಿಕೊಂಡು ಮೇಲೆ ಬರುತ್ತದೆ. ಅದಕ್ಕೆ ಕೋರ್ ಅನ್ನುತ್ತಾರೆ. ಆ ತುಂಡುಗಳನ್ನು ಉದ್ದನೆಯ ಮರದ ಪೆಟ್ಟಿಗೆಗಳಲ್ಲಿ, ಮೇಲಿನದು ಮೊದಲು, ಆಳದ್ದು ಆಮೇಲೆ, ಸಾಲಾಗಿ ಜೋಡಿಸಿಡಬೇಕು. ಸರ್ವೆ ಆಫೀಸಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಂಥ ಪೆಟ್ಟಿಗೆಗಳು ಸೂರಿಗೆ ತಾಗುವಷ್ಟಿದ್ದವು. ಅವನ್ನು ಒರೆಸಿ, ಜೋಡಿಸಿ, ಕೇಳಿದಾಗ ತೆಗೆದು ತೋರಿಸುವುದು ಕಲ್ಲಕ್ಕನ ಕೆಲಸ. ಹೆಸರು ಬಂದದ್ದೂ ಅದರಿಂದಲೇ.

ಕೆಲವು ಸಲ ಡ್ರಿಲ್ ಇಳಿಯುತ್ತದೆ, ಮೇಲೆ ಏನೂ ಬರುವುದಿಲ್ಲ. ಒಳಗಿನದು ಮೆತ್ತಗಿದ್ದು ನೀರಿನಲ್ಲಿ ತೊಳೆದುಹೋಗಿರಬಹುದು. ಇಲ್ಲವೇ ಅಲ್ಲಿ ಏನೂ ಇರಲಿಕ್ಕಿಲ್ಲ. ಅದು ಸುಣ್ಣಕಲ್ಲಿನ ಸೀಮೆ. ನೀರು ಸಾವಿರಾರು ವರ್ಷ ಕಲ್ಲನ್ನು ನೆಕ್ಕಿ ನೆಕ್ಕಿ ಒಳಗೊಳಗೇ ಕೋಣೆಗಳನ್ನು ಮಾಡಿಟ್ಟಿತ್ತು. ಹಾಗೆ ಕಲ್ಲು ಸಿಗದ ಕಡೆ, ಪೆಟ್ಟಿಗೆಯಲ್ಲಿ ಅಷ್ಟೇ ಉದ್ದದ ಮರದ ತುಂಡನ್ನು ಕೂರಿಸಿ, ಯಾವ ಬೋರು, ಎಷ್ಟು ಆಳ ಎಂದು ಅದರ ಮೇಲೆ ಬರೆಯಬೇಕು. ಬಹಳ ಉದ್ದಕ್ಕೆ ಸಿಗದಿದ್ದರೆ ಸಾಲಾಗಿ ನಾಲ್ಕಾರು ತುಂಡು. ಶೆಡ್ಡಿನವರು ಅದನ್ನು ಖಾಲಿ ಎಂದು ಕರೆಯುತ್ತಿದ್ದರು. "ಅಲ್ಲೊಂದು ಖಾಲಿ ಇಡಮ್ಮ" ಅನ್ನುವರು. ಕಲ್ಲಕ್ಕ ಮರ ಕೊಯ್ದು, ಉಜ್ಜಿ ನಯ ಮಾಡಿ, ದುಂಡನೆ ಅಕ್ಷರದಲ್ಲಿ ಬರೆದು ಇಡುವಳು.

ಅವಳು ಶೆಡ್ಡಿಗೆ ಸೇರುವ ಮೊದಲಿನ ಮಾತು. ಅವಳ ಗಂಡ ಡ್ರಿಲ್ಲಿನ ಕೆಲಸದವನು. ಯಂತ್ರದ ಗದ್ದಲದಲ್ಲಿ ಬಾಯಿ ಹರಿದುಹೋಗುವ ಹಾಗೆ ಕೂಗಿದರೂ ಪಕ್ಕದವನಿಗೆ ಕೇಳುವುದಿಲ್ಲವಲ್ಲ, ಅದಕ್ಕೆ ಅವರೆಲ್ಲ ಸ್ಪ್ಯಾನರಿನಿಂದ ಕೊಳವೆಯ ಮೇಲೆ ಬಡಿದು ಮಾತಾಡುತ್ತಿದ್ದರು. ಒಂದು ಬಡಿದರೆ ನೀರು ಬಿಡು. ಎರಡು ಬಡಿದರೆ ನಿಲ್ಲಿಸು. ಮೂರು ಬಡಿದರೆ ಮೇಲಕ್ಕೆಳಿ. ಆ ಭಾಷೆ ಮನೆಗೂ ಬಂತು. ಅವನ ತಾಯಿಗೆ ಕಿವಿ ಮಂದ. ಮಗ ಊಟಕ್ಕೆ ಕೂತು ನೆಲದ ಮೇಲೆ ಒಂದು ಸಲ ಗುದ್ದಿದರೆ ನೀರು ಕೊಡುವಳು. ಎರಡು ಗುದ್ದಿದರೆ ಬಡಿಸುವ ಕೈ ನಿಲ್ಲಿಸುವಳು. ಮೂರು ಗುದ್ದಿದರೆ "ಬಂದೆ ಬಂದೆ, ನೆಲ ಒಡೀಬೇಡ" ಎಂದು ಸೊಂಟ ಹಿಡಿದುಕೊಂಡು ಎದ್ದು ಬರುವಳು. ಸೊಸೆ ಬಂದ ಹೊಸತರಲ್ಲಿ ಇದನ್ನೆಲ್ಲ ನೋಡಿ ನಕ್ಕು ನಕ್ಕು ಸುಸ್ತಾಗಿದ್ದಳು. ಆಮೇಲೆ ತಾನೂ ಕಲಿತಳು.

ಒಂದು ಸಂಜೆ ಅವನು ಊರಂಚಿನ ಬಯಲಿನ ಕೆಲಸದಿಂದ ಬಂದವನು ತಟ್ಟೆಯ ಮುಂದೆ ಸುಮ್ಮನೆ ಕೂತ. ತುತ್ತು ಎತ್ತಲಿಲ್ಲ.

"ಏನಾಯ್ತು?" ಎಂದಳು ಹೆಂಡತಿ.

"ಇವತ್ತು ರಾಡು ಕೈಯಿಂದ ಜಾರಿ ತಾನಾಗೇ ಇಳೀತು. ಕೆಳಗೆ ಯಾರೋ ಹಿಡ್ಕೊಂಡು ಎಳೆದ ಹಾಗೆ. ಪಂಪಿನ ನೀರು ಎಷ್ಟು ಬಿಟ್ರೂ ಒಂದು ತೊಟ್ಟು ಮೇಲೆ ಬರ್ಲಿಲ್ಲ. ಕುಡೀತಾನೇ ಇತ್ತು."

ಸೊಸೆ ಅದನ್ನು ಅತ್ತೆಯ ಕಿವಿಯ ಹತ್ತಿರ ಹೇಳಿದಳು. ಮುದುಕಿ ಮಗನ ಮುಖ ನೋಡಿದಳು. "ಯಾರು ಕುಡೀತಿದ್ರು?"

"ನೆಲ ಕಣಮ್ಮಾ, ನೆಲ" ಎಂದು ಅವನು ನಕ್ಕ. ಆದರೆ ಆ ರಾತ್ರಿ ಅವನು ಗೋಡೆಗೆ ಅಂಟಿಕೊಂಡು ಮಲಗಿದ್ದನ್ನು ಹೆಂಡತಿ ಮರೆಯಲಿಲ್ಲ.

ಮುಂದಿನ ಮಳೆಗಾಲದಲ್ಲಿ, ಎಲ್ಲೋ ದೂರದ ಕ್ಯಾಂಪಿನಲ್ಲಿ, ಅವನು ಜ್ವರ ಬಂದು ಹೋಗಿಬಿಟ್ಟ. ಸೇತುವೆ ಕೊಚ್ಚಿಹೋಗಿತ್ತು. ಹೆಣ ತರುವ ದಾರಿಯೇ ಇರಲಿಲ್ಲ. ಮಣ್ಣು ಮಾಡಿದ ಸುದ್ದಿ, ಕೈಚೀಲ, ಚೀಲದೊಳಗೆ ಒಂದು ಜೊತೆ ಬಟ್ಟೆ, ಆ ಸ್ಪ್ಯಾನರು, ಇಷ್ಟು ಮನೆಗೆ ಬಂದವು. ತಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು. "ಮುಖ ತೋರಿಸದೆ ಹೋದವನು ಹೋದ ಅಂತ ನಾನು ಹೇಗೆ ನಂಬ್ಲಿ?" ಎಂದಳು. ಅಷ್ಟೇ. ಅಳಲಿಲ್ಲ. ಅವಳು ಅಳದ ಮನೆಯಲ್ಲಿ ಸೊಸೆ ಅಳುವುದಾದರೂ ಹೇಗೆ? ಅತ್ತರೆ ಅವನು ಸತ್ತ ಎಂದು ಹೇಳಿದಂತೆ. ಕಲ್ಲಕ್ಕ ಗಂಟಲಲ್ಲಿದ್ದದ್ದನ್ನು ಗಂಟಲಲ್ಲೇ ಇಟ್ಟುಕೊಂಡು, ಗಂಡನ ಬದಲಿಗೆ ಸಿಕ್ಕ ಶೆಡ್ಡಿನ ಕೆಲಸಕ್ಕೆ ಹೋಗತೊಡಗಿದಳು. ಅವನ ಕಾಲದಲ್ಲಿ ಬಂದು ಹಾಗೇ ಬಿದ್ದಿದ್ದ ಕೋರ್‌ಗಳನ್ನು ಡ್ರಿಲ್ಲಿನವರ ಲೆಕ್ಕ ನೋಡಿ ಜೋಡಿಸಿ, ಖಾಲಿ ಕೂರಿಸಿದ್ದೇ ಅವಳ ಮೊದಲ ಕೆಲಸ.

ಶೆಡ್ಡು ತುಂಬಿ ತುಳುಕುತ್ತಿತ್ತು. ಒಂದು ದಿನ ಗುಮಾಸ್ತರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಈ ಗುಮಾಸ್ತರಿಗೆ ಎಲ್ಲವನ್ನೂ ಒತ್ತರಿಸಿ ಇಡುವ ಚಟ. ಪೇಪರು, ಪೆನ್ಸಿಲು, ಮನುಷ್ಯರು, ಯಾವುದಕ್ಕೂ ಕೈಕಾಲು ಚಾಚಲು ಬಿಡುವವರಲ್ಲ.

"ಹೊಸ ಪೆಟ್ಟಿಗೆ ಬರ್ತಿವೆ, ಜಾಗ ಮಾಡ್ಬೇಕು. ಏನಮ್ಮಾ ಇದು, ಅರ್ಧ ಪೆಟ್ಟಿಗೇಲಿ ಸೌದೆ ತುಂಬ್ಕೊಂಡು ಕೂತಿದೀಯಲ್ಲ?"

"ಅವು ಖಾಲಿ, ಸಾರ್."

"ಖಾಲಿ ಅಂದ್ಮೇಲೆ ಯಾಕೆ ಇಡ್ಬೇಕು? ತೆಗೆದುಹಾಕು. ಕಲ್ಲನ್ನ ಹತ್ತಿರ ಹತ್ತಿರ ಸರಿಸು. ಮೂರು ಪೆಟ್ಟಿಗೆ ಎರಡಾಗುತ್ತೆ."

ಅವಳು ಸಾಹೇಬರ ಕಡೆ ನೋಡಿದಳು. ಕಲ್ಲು ಓದಿ ಬಂದ ಸಾಹೇಬರು ಆವತ್ತು ಬೇರೆ ಊರಿಗೆ ಹೊರಟು ಜೀಪು ಹತ್ತುತ್ತಿದ್ದರು. "ಜಾಗ ಮಾಡಿ, ಜಾಗ ಮಾಡಿ" ಎಂದು ಕೈ ಬೀಸಿದರು. ಹೇಗೂ ಬರೆದ ವರದಿಗಳೆಲ್ಲ ದೊಡ್ಡ ಕಚೇರಿಯಲ್ಲಿವೆ ಎಂದು ಅವರೂ ಅಂದುಕೊಂಡಿರಬೇಕು. ಕಲ್ಲಕ್ಕ ವಾರವೆಲ್ಲ ಕೂತು ಕಲ್ಲುಗಳನ್ನು ಒತ್ತೊತ್ತಾಗಿ ಸರಿಸಿದಳು. ನೋಡಲಿಕ್ಕೆ ಚೆಂದವಾಯಿತು, ಸಾಲಿಗೆ ಸಾಲು ಸಂದಿಲ್ಲದ ಕಲ್ಲು. ಗುಮಾಸ್ತರು ಹೊಗಳಿದರು. ತೆಗೆದ ತುಂಡುಗಳನ್ನು ಬೆಂಕಿಗೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ, ಅವನ್ನು ಉಜ್ಜಿದ ಕೈ ಅವಳದೇ ಅಲ್ಲವೇ. ಗೋಣಿಚೀಲದಲ್ಲಿ ತುಂಬಿ ಮನೆಗೆ ಒಯ್ದಳು. ಬಾಗಿಲಿಗೆ ಅಡ್ಡ ಇಡಲು, ಪಾತ್ರೆಗೆ ಆನಿಕೆ ಕೊಡಲು ಆದವು. ಮಿಕ್ಕವು ಚೀಲದಲ್ಲೇ ಉಳಿದವು.

ಆಮೇಲೆ ನೌಕರರಿಗೆ ಕ್ವಾರ್ಟರ್ಸ್ ಕಟ್ಟಬೇಕೆಂದಾಯಿತು. ಊರಂಚಿನ ಬಯಲು ಸರಕಾರದ್ದೇ. ಕಟ್ಟಡದ ಎಂಜಿನಿಯರು ಶೆಡ್ಡಿಗೆ ಬಂದು "ಆ ಬಯಲಿನ ಕೋರ್ ತೋರಿಸಮ್ಮ" ಎಂದರು. ವರದಿ ತರಿಸಿಕೊಳ್ಳಲು ತಿಂಗಳು ಹಿಡಿಯುತ್ತದೆ, ಪೆಟ್ಟಿಗೆ ಕಣ್ಣೆದುರಿಗೇ ಇತ್ತು. ಅವಳು ತೆಗೆದು ತೋರಿಸಿದಳು. "ಒಳ್ಳೇ ಗಟ್ಟಿ ಕಲ್ಲು" ಎಂದು ಅವರು ಬೆರಳಿನಿಂದ ತಟ್ಟಿ ಹೋದರು. ಆಗ ಅವಳ ತಲೆಯಲ್ಲಿ ಏನೂ ಹೊಳೆಯಲಿಲ್ಲವೇ? ಇಲ್ಲ. ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಮನೆ ಸಿಗುವುದೋ ಇಲ್ಲವೋ ಎಂಬ ಒಂದೇ ಯೋಚನೆಯಲ್ಲಿದ್ದಳು.

ಮನೆ ಸಿಕ್ಕಿತು. ಸಾಲಿನ ಕೊನೆಯದು. ಎರಡು ಕೋಣೆ, ಅಡುಗೆಮನೆ, ಸಿಮೆಂಟಿನ ನೆಲ, ಹಿಂದೆ ಒಂದಿಷ್ಟು ಅಂಗಳ. ಬಾಡಿಗೆ ಕೋಣೆಯಲ್ಲಿ ಹೊಗೆ ಕುಡಿದು ಬದುಕಿದ್ದ ಅತ್ತೆ ಸೊಸೆಗೆ ಅದು ಅರಮನೆ. ಅಂಗಳದ ನಡುವೆ ಸೊಂಟದೆತ್ತರದ ಕಬ್ಬಿಣದ ಕೊಳವೆಯೊಂದು ನೆಲದಿಂದ ಎದ್ದು ನಿಂತಿತ್ತು, ಕೆಳಗಿನ ನೀರಿನ ಮಟ್ಟ ಅಳೆಯಲೆಂದು ಹಿಂದೆ ಬಿಟ್ಟುಹೋದದ್ದು. ಬಯಲಿನಲ್ಲಿ ಅಂಥವು ಹಲವಿದ್ದವು. "ಇದು ನನ್ನ ಮಗ ಅಗೆದ ಜಾಗ" ಎಂದು ಅತ್ತೆ ಆ ಕೊಳವೆಯನ್ನು ಸವರಿದಳು. ಮುಚ್ಚಳ ಹೋಗಿತ್ತು. ಕಸ ಬೀಳದಿರಲೆಂದು ಒಂದು ಹಳೇ ಲೋಟವನ್ನು ಬೋರಲು ಹಾಕಿದಳು.

ಮೊದಲು ಓರೆಯಾದದ್ದು ಅತ್ತೆಯ ಮಂಚ. ಹಿಂದಿನ ಕೋಣೆಯಲ್ಲಿ, ಅಂಗಳದ ಕಡೆಯ ಗೋಡೆಗೆ ಹಾಕಿದ್ದರು. "ತಲೆ ಕೆಳಗೆ ಹೋದಂಗಾಗುತ್ತೆ ಕಣೇ" ಎಂದು ಅತ್ತೆ ಗೊಣಗಿದಳು. ಕಲ್ಲಕ್ಕ ಚೀಲದಿಂದ ಒಂದು ಮರದ ತುಂಡು ತೆಗೆದು ಮಂಚದ ಕಾಲಿನ ಕೆಳಗೆ ಕೊಟ್ಟಳು. ಸರಿಹೋಯಿತು. ಹೊಸ ಮನೆ, ನೆಲ ಸ್ವಲ್ಪ ಕೂತುಕೊಳ್ಳುತ್ತದೆ ಎಂದು ಪಕ್ಕದ ಮನೆಯ ಡ್ರೈವರು ಹೇಳಿದ. ಕೆಲವು ದಿನ ಕಳೆದು ಮತ್ತೆ ಓರೆ. ಇನ್ನೊಂದು ತುಂಡು. ಹೊಲಿಯುವಾಗ ಕೈಜಾರಿದ ದಾರದ ಉಂಡೆ ಯಾವಾಗಲೂ ಅದೇ ಮೂಲೆಗೆ ಉರುಳಿ ಹೋಗಿ ನಿಲ್ಲುತ್ತಿತ್ತು. ಅಗಲ ತಪ್ಪಲೆಯಲ್ಲಿ ನೀರು ತುಂಬಿಟ್ಟರೆ ಒಂದು ಕಡೆ ಅಂಚಿಗೆ ಹತ್ತಿ, ಇನ್ನೊಂದು ಕಡೆ ಬೆರಳಷ್ಟು ಕೆಳಗೆ ನಿಲ್ಲುತ್ತಿತ್ತು. ಬಾಗಿಲು ಮುಚ್ಚಿದರೆ ಮೆಲ್ಲಗೆ ತಾನಾಗೇ ತೆರೆದುಕೊಳ್ಳುತ್ತಿತ್ತು. ಯಾರೋ ಬಂದರೆಂದು ಅತ್ತೆ ತಲೆಯೆತ್ತಿ ನೋಡುವಳು. ಯಾರೂ ಇರುತ್ತಿರಲಿಲ್ಲ. ಆದರೂ "ಒಳಗೆ ಬಾ" ಅನ್ನುವಳು.

ಸದ್ದು ಶುರುವಾದದ್ದು ಒಂದು ಮಧ್ಯಾಹ್ನ. ರಜೆಯ ದಿನ. ಬೀದಿಯಲ್ಲಿ ಬಿಸಿಲು ಸುರಿಯುತ್ತಿತ್ತು, ಒಂದು ನಾಯಿಯೂ ಓಡಾಡುತ್ತಿರಲಿಲ್ಲ. ಕಲ್ಲಕ್ಕ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಹಿಂದಿನ ಕೋಣೆಯಿಂದ ಅತ್ತೆಯ ಮಾತು ಕೇಳಿಸಿತು, ಯಾರೊಂದಿಗೋ ಮೆಲುದನಿಯಲ್ಲಿ ಆಡುವ ಮಾತು. ಇಣುಕಿ ನೋಡಿದಳು. ಅತ್ತೆ ಮಂಚದ ಮೇಲೆ ಕವುಚಿ ಮಲಗಿ, ಕೆನ್ನೆಯನ್ನು ಮಂಚದ ಪಟ್ಟಿಗೆ ಒತ್ತಿ, ಒಂದು ಕೈ ಇಳಿಬಿಟ್ಟು ಅಂಗೈಯನ್ನು ನೆಲಕ್ಕೆ ಇಟ್ಟಿದ್ದಳು. ಮುಖದಲ್ಲಿ ನಗು.

"ಏನತ್ತೆ?"

"ಸುಮ್ನಿರು. ನೀರು ಕೇಳ್ತಿದಾನೆ."

ಕಲ್ಲಕ್ಕ ಉಸಿರು ಬಿಗಿಹಿಡಿದು ನಿಂತಳು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಕೇಳಿಸಿತು. ಟಕ್. ದೂರದಲ್ಲಿ, ಬಹಳ ಕೆಳಗೆ, ಕಲ್ಲಿಗೆ ಏನೋ ತಗುಲಿದ ಸದ್ದು. ಕಿವಿ ಚೆನ್ನಾಗಿರುವ ಅವಳಿಗೆ ಅದು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು. ಕಿವಿ ಮಂದದ ಅತ್ತೆಗೆ ಮಂಚದ ಕಾಲಿನಿಂದ ಹತ್ತಿ ಎಲುಬಿಗೇ ಬರುತ್ತಿತ್ತು. ಅತ್ತೆ ಕೋಲೆತ್ತಿ ನೆಲಕ್ಕೆ ಒಂದು ಸಲ ಕುಟ್ಟಿದಳು. ಆಮೇಲೆ ತಂಬಿಗೆಯ ನೀರನ್ನು ಮೂಲೆಗೆ ಸುರಿದಳು. ನೆಲದಲ್ಲಿ ಕೂದಲೆಳೆಯಷ್ಟು ಒಂದು ಸೀಳು ಇತ್ತು. ನೀರು ಹರಡಲಿಲ್ಲ. ಆ ಸೀಳಿನೊಳಗೆ ಇಳಿದು ಹೋಯಿತು, ಪೂರ್ತಿ.

ಅಂದಿನಿಂದ ಮುದುಕಿ ಬದಲಾದಳು. ವರ್ಷಗಳಿಂದ ಮುದುಡಿಕೊಂಡಿದ್ದವಳು ಎದ್ದು ತಲೆ ಬಾಚಿಕೊಂಡಳು. ಒಗೆದ ಸೀರೆ ಉಟ್ಟಳು. ದಿನಾ ಮೂಲೆಗೆ ನೀರು ಹಾಕಿದಳು. ಕೆಳಗಿನ ಸದ್ದಿಗೆ ಕೋಲಿನಿಂದ ಉತ್ತರ ಕೊಟ್ಟಳು. ಸೊಸೆ ಕೆಲಸದಿಂದ ಬಂದರೆ ಸುದ್ದಿ ಹೇಳುವಳು. "ಇವತ್ತು ಬೆಳಿಗ್ಗೆ ಎರಡು ಸಲ ಮಾತಾಡಿಸ್ದ. ಮಧ್ಯಾಹ್ನ ಸುಮ್ನಿದ್ದ, ಮಲಗಿದ್ನೋ ಏನೋ." ಈ ಮಾತನ್ನು ಅವಳು ಹೇಳುತ್ತಿದ್ದ ಸಹಜ ದನಿಯೇ ಕಲ್ಲಕ್ಕನನ್ನು ಹೆದರಿಸುತ್ತಿತ್ತು. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೆ. ಅವಳೂ ಕಾಯತೊಡಗಿದ್ದಳು. ಊಟ ಮಾಡುವಾಗ ತುತ್ತು ನಿಲ್ಲಿಸಿ, ಆ ಸದ್ದಿಗೆ ಕಿವಿಗೊಡುತ್ತಿದ್ದಳು.

ಒಂದು ಬೆಳಿಗ್ಗೆ ಮತ್ತೆ ಮಂಚ ಓರೆಯಾಗಿತ್ತು. ಚೀಲದಲ್ಲಿ ಕೈಯಾಡಿಸಿ ತುಂಡು ತೆಗೆದವಳು, ಯಾಕೋ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತನ್ನದೇ ದುಂಡನೆ ಅಕ್ಷರ. ಬೋರಿನ ಸಂಖ್ಯೆ, ಆಳ. ಅವಳಿಗೆ ಏನೋ ನೆನಪಾಯಿತು. ಮಂಚವನ್ನು ಭುಜದಿಂದ ಎತ್ತಿ, ಕೆಳಗಿದ್ದ ತುಂಡುಗಳನ್ನೂ ಎಳೆದು ನೋಡಿದಳು. ಅದೇ ಸಂಖ್ಯೆ. ಚೀಲದ ತಳದಲ್ಲಿ ಉಳಿದಿದ್ದವನ್ನು ನೆಲಕ್ಕೆ ಸುರಿದಳು. ಅವುಗಳಲ್ಲೂ ಬಹುಪಾಲು ಅದೇ ಸಂಖ್ಯೆ. ಅಂಗಳಕ್ಕೆ ಹೋಗಿ, ಒದ್ದೆ ಬಟ್ಟೆಯಿಂದ ಕೊಳವೆಯ ಮೇಲಿನ ತುಕ್ಕನ್ನು ಉಜ್ಜಿದಳು. ಹಳದಿ ಬಣ್ಣದಲ್ಲಿ ಬರೆದದ್ದು ಮೆಲ್ಲಗೆ ಕಂಡಿತು.

ಅದೇ ಬೋರು. ರಾಡು ತಾನಾಗೇ ಇಳಿದದ್ದು ಇಲ್ಲೇ. ಕುಡಿದೂ ಕುಡಿದೂ ತೀರದಿದ್ದದ್ದು ಇದೇ ನೆಲ. ಅವಳ ಗಂಡ ಯಾವುದಕ್ಕೆ ಹೆದರಿ ಗೋಡೆಗೆ ಅಂಟಿ ಮಲಗಿದ್ದನೋ ನೆಲದಡಿಯ ಆ ಕೋಣೆ, ಅವನ ತಾಯಿಯ ಮಂಚದ ಕೆಳಗೇ ಬಾಯಿ ತೆರೆದುಕೊಂಡಿತ್ತು. ಸದ್ದು ಏನೆಂಬುದೂ ಅವಳಿಗೆ ಹೊಳೆಯಿತು. ಆ ಕತ್ತಲೆ ಕೋಣೆಯ ಸೂರಿನಿಂದ ಕಲ್ಲು ಕಳಚಿ ಬೀಳುತ್ತಿತ್ತು. ಒಂದೊಂದೇ. ಪ್ರತಿ ಸಲ ಅತ್ತೆ ನಕ್ಕಾಗ ನೆಲ ಒಂದು ಕಲ್ಲಿನಷ್ಟು ತೆಳ್ಳಗಾಗುತ್ತಿತ್ತು. ಕಾಲ ಕೆಳಗಿನ ನೆಲ ಕುಸಿಯಿತು ಎಂದು ನಾವೆಲ್ಲ ಮಾತಿಗೆ ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ. ಕಲ್ಲಕ್ಕನಿಗೆ ಆಮೇಲೆ ಆ ಮಾತನ್ನು ಆಡಲು ಎಂದೂ ಬಾಯಿ ಬರಲಿಲ್ಲ.

ಹೇಳಬೇಕು. ಹೇಳಿದರೆ ಖಾಲಿ ತೆಗೆದವಳು ಯಾರು ಎಂಬ ಪ್ರಶ್ನೆ ಬರುತ್ತದೆ. ಗುಮಾಸ್ತರು ತಾವು ಹೇಳಲೇ ಇಲ್ಲ ಅಂದರೆ ಅವಳ ಕೆಲಸ ಹೋಗುತ್ತದೆ. ಕೆಲಸ ಹೋದರೆ ಮನೆ ಹೋಗುತ್ತದೆ, ಮುದುಕಿಯನ್ನು ಕಟ್ಟಿಕೊಂಡು ಬೀದಿ. ಆ ದಿನ ಅವಳು ಬಾಯಿ ಬಿಡಲಿಲ್ಲ. ಮರುದಿನವೂ ಇಲ್ಲ. ಅವಳನ್ನು ದೂರುವವರು ದೂರಲಿ, ಹಸಿವು ಕಂಡವರು ದೂರುವುದಿಲ್ಲ. ಆದರೆ ರಾತ್ರಿಯೆಲ್ಲ ಅವಳು ಅತ್ತೆಯ ಉಸಿರು ಎಣಿಸುತ್ತ ಕೂತಿದ್ದಳು. ಮಂಚವನ್ನು ಮುಂದಿನ ಕೋಣೆಗೆ ಹಾಕೋಣ ಎಂದು ಪೀಡಿಸಿದಳು. ಅತ್ತೆ ಒಪ್ಪಲಿಲ್ಲ. "ಅಲ್ಲಿ ಅವನ ಮಾತು ಕೇಳಲ್ಲ" ಎಂದಳು.

ಮೂರನೆಯ ಬೆಳಿಗ್ಗೆ ನೆಲದ ಸೀಳು ಬಾಗಿಲಿನ ತನಕ ಬಂದಿತ್ತು. ಅವಳು ಇನ್ನು ಯೋಚಿಸಲಿಲ್ಲ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು, ತುಂಡುಗಳನ್ನೆಲ್ಲ ಚೀಲಕ್ಕೆ ತುಂಬಿ, ಹೊತ್ತುಕೊಂಡು ಶೆಡ್ಡಿಗೆ ನಡೆದಳು. ಹೊರಡುವಾಗ ಅತ್ತೆ ಕೇಳಿದಳು, "ಏನು ಮಾಡ್ದೆ ನೀನು? ಏನೂ ಕೇಳಿಸ್ತಿಲ್ವಲ್ಲ."

ಸಾಹೇಬರು ಆಫೀಸಿನಲ್ಲೇ ಇದ್ದರು. ಅವಳು "ಸಾರ್, ಒಂದು ಸಲ ಶೆಡ್ಡಿಗೆ ಬನ್ನಿ" ಎಂದಳೇ ಹೊರತು ಏನನ್ನೂ ವಿವರಿಸಲಿಲ್ಲ. ವಿವರಿಸಲು ಹೋದರೆ ಅಳು ಬರುತ್ತಿತ್ತು. ಬಯಲಿನ ಪೆಟ್ಟಿಗೆಗಳನ್ನು ನೆಲಕ್ಕೆ ಇಳಿಸಿ, ಕಲ್ಲುಗಳನ್ನು ಸರಿಸಿ ಸರಿಸಿ, ಖಾಲಿಗಳನ್ನು ಅವುಗಳ ಜಾಗದಲ್ಲಿ ಇಡುತ್ತ ಹೋದಳು. ಒಂದು ಸಾಲಿನಷ್ಟು ಕಲ್ಲು. ಆಮೇಲೆ ಖಾಲಿ. ಆಮೇಲೆ ಖಾಲಿ. ಅದರ ಪಕ್ಕ ಖಾಲಿ. ಪೆಟ್ಟಿಗೆ ಸಾಲದೆ ಶೆಡ್ಡಿನ ನೆಲದ ಮೇಲೆ ಜೋಡಿಸಿದಳು. ಬಾಗಿಲಲ್ಲಿ ನಿಂತಿದ್ದ ಗುಮಾಸ್ತರ ಕಾಲಿನ ಹತ್ತಿರ ಬಂದಾಗ, "ಸ್ವಲ್ಪ ಸರೀರಿ ಸಾರ್" ಎಂದಳು. ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಸಾಹೇಬರು ಕನ್ನಡಕ ತೆಗೆದರು.

"ಇದು ಯಾವ ಮನೆ ಕೆಳಗೆ?"

"ನಮ್ಮನೆ ಸಾರ್. ನಾನೇ ತೆಗೆದದ್ದು. ಅತ್ತೆ ಮಂಚದ ಕೆಳಗೆ ಇಟ್ಟಿದ್ದೆ."

"ನಾನೇ ಹೇಳಿದ್ದು" ಎಂದರು ಗುಮಾಸ್ತರು. ನುಣುಚಿಕೊಳ್ಳುತ್ತಾರೆ ಎಂದು ಅವಳು ಹೆದರಿದ್ದ ಮನುಷ್ಯ ಹಾಗೆ ಹೇಳಿದರು.

"ಯಾರು ಹೇಳಿದ್ದು ಅಂತ ಆಮೇಲೆ ನೋಡೋಣ. ಮೊದಲು ಎಲ್ಲರನ್ನೂ ಮನೆಯಿಂದ ಎಬ್ಬಿಸಿ. ಈಗಲೇ." ಸಾಹೇಬರು ಜೀಪಿನ ಕಡೆ ಓಡಿದರು.

ಉಳಿದ ಮನೆಗಳವರು ಕೈಗೆ ಸಿಕ್ಕ ಗಂಟುಮೂಟೆ ಹಿಡಿದು ಬೀದಿಗೆ ಬಂದರು. ಅತ್ತೆ ಮಾತ್ರ ಏಳಲಿಲ್ಲ. ಡ್ರಿಲ್ಲಿನ ಮುದಿ ಮೇಸ್ತ್ರಿ, ಕಲ್ಲಕ್ಕನ ಗಂಡನಿಗೆ ಕೆಲಸ ಕಲಿಸಿದವನು, ಹಿಂದಿನ ಬಾಗಿಲಲ್ಲಿ ಬಗ್ಗಿ ನೆಲವನ್ನು ಬೆರಳಿನಿಂದ ತಟ್ಟಿ ನೋಡಿದ. ಒಳಗೆ ನುಗ್ಗಲು ಹೊರಟಿದ್ದ ಡ್ರೈವರನ ತೋಳು ಹಿಡಿದು ಎಳೆದ. ಕಲ್ಲಕ್ಕನನ್ನೂ ಅಡ್ಡಗಟ್ಟಿದ.

"ಯಾರೂ ಕಾಲಿಡ್ಬೇಡಿ. ಇನ್ನೊಬ್ಬರ ಭಾರ ಬಿದ್ರೆ ಪೂರ್ತಿ ಹೋಗುತ್ತೆ. ಆಯಮ್ಮನೇ ಎದ್ದು, ಗೋಡೆ ಬದಿಗೆ ನಡ್ಕೊಂಡು ಬರ್ಬೇಕು."

ಮಂಚದ ಒಂದು ತುದಿ ಕೆಳಗಿಳಿದಿತ್ತು. ಅತ್ತೆ ಅದರ ಮೇಲೆ ಚೀಲ ಅಪ್ಪಿಕೊಂಡು ಕೂತಿದ್ದಳು, ಮಗನ ಆ ಹಳೇ ಕೈಚೀಲ.

"ಅತ್ತೆ! ಎದ್ದು ಬನ್ನಿ! ನೆಲ ಬೀಳುತ್ತೆ!"

"ಕೂಗ್ಬೇಡ್ವೇ. ನಂಗೆ ಗೊತ್ತು."

"ನಿಮ್ಮ ಕಾಲಿಗೆ ಬೀಳ್ತೀನಿ, ಬನ್ನಿ ಅತ್ತೆ."

"ಬೆಳಿಗ್ಗೆಯಿಂದ ಅವನು ಸುಮ್ನಿದಾನೆ. ನೀನು ಏನೋ ತೆಗೆದೆ, ಅವನ ಮಾತು ನಿಂತುಹೋಯ್ತು. ಒಂದು ಸಲ ಮಾತಾಡ್ಲಿ. ಅವನು ಹೋಗು ಅಂದ್ರೆ ಹೋಗ್ತೀನಿ, ಇಲ್ಲಿರು ಅಂದ್ರೆ ಇಲ್ಲೇ ಇರ್ತೀನಿ. ಒಂದು ಸಲ ಮುಖ ತೋರಿಸದೆ ಹೋದ. ಎರಡನೇ ಸಲ ನಾನು ಬಿಟ್ಟು ಬರಲ್ಲ."

ಮುದುಕಿ ಬೇಡುತ್ತಿರಲಿಲ್ಲ, ಹಟ ಮಾಡುತ್ತಲೂ ಇರಲಿಲ್ಲ. ತೀರ್ಮಾನ ಹೇಳುತ್ತಿದ್ದಳು. ಆಗ ಕಲ್ಲಕ್ಕನ ಕಣ್ಣಿಗೆ ಕಿಟಕಿಯ ಮೇಲಿದ್ದ ಸ್ಪ್ಯಾನರು ಬಿತ್ತು. ಅತ್ತೆ ದಿನಾ ಒರೆಸಿ ಇಡುತ್ತಿದ್ದದ್ದು. ಹೊರಗಿನಿಂದಲೇ ಕೈ ಹಾಕಿ ಎತ್ತಿಕೊಂಡಳು. ಅಂಗಳದ ಕೊಳವೆಯ ಹತ್ತಿರ ಓಡಿ, ಲೋಟವನ್ನು ತಳ್ಳಿ ಬಿಸಾಡಿದಳು. ಕೊಳವೆಯ ಬಾಯಿಂದ ತಣ್ಣನೆಯ ಗಾಳಿ ಮುಖಕ್ಕೆ ತಾಗಿತು, ಮುಚ್ಚಿಟ್ಟ ಕೋಣೆಯ ವಾಸನೆ.

ಮೂರು ಬಡಿಯಬೇಕು. ಮೇಲಕ್ಕೆಳಿ. ಎದ್ದು ಬಾ. ಸತ್ತ ಗಂಡನ ಹೆಸರಿನಲ್ಲಿ ಸುಳ್ಳು ಹೇಳಲು ಹೊರಟ ಆ ಹೊತ್ತಿನಲ್ಲಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಕೈ ಎತ್ತಿದಳು.

ಒಂದು. ಕೊಳವೆ ಅಡಿಯಿಂದ ಮುಡಿಯ ತನಕ ನಡುಗಿತು.

ಎರಡು. ಅಷ್ಟರಲ್ಲಿ ಬೆವೆತ ಕೈ ಜಾರಿತು. ಸ್ಪ್ಯಾನರು ಕೊಳವೆಯ ಅಂಚಿಗೆ ಸವರಿ, ಒಳಗೆ ಬಿದ್ದುಹೋಯಿತು.

ಅವಳು ಕೊಳವೆಯ ಬಾಯಿಗೆ ಕಿವಿ ಹಚ್ಚಿದಳು. ಸ್ಪ್ಯಾನರು ತಳ ಮುಟ್ಟಿದ ಸದ್ದು ಬರಲಿಲ್ಲ. ನೀರಿಗೆ ಬಿದ್ದ ಸದ್ದೂ ಇಲ್ಲ. ಕಾದಳು. ಏನೂ ಇಲ್ಲ. ಎರಡು ಬಡಿದರೆ ನಿಲ್ಲಿಸು ಎಂದರ್ಥ. ಇದ್ದಲ್ಲೇ ಇರು ಎಂದು ತನ್ನ ಕೈಯಾರೆ ಹೇಳಿದ ಹಾಗಾಯಿತು. ಇನ್ನೇನಾದರೂ ಸಿಗುವುದೋ ಎಂದು ಸುತ್ತ ನೋಡಿದಳು, ಕಲ್ಲುಗಳನ್ನು ಹೊತ್ತು ಬಾಳಿದವಳಿಗೆ ಬಡಿಯಲು ಒಂದು ಕಲ್ಲೂ ಕಾಣಲಿಲ್ಲ. ಗುದ್ದಲೆಂದು ಮುಷ್ಟಿ ಎತ್ತಿದಳು.

"ಬಂದೆ ಬಂದೆ" ಎಂಬ ದನಿ ಕೇಳಿತು. "ನೆಲ ಒಡೀಬೇಡ."

ಅತ್ತೆ ಚೀಲವನ್ನು ಕಂಕುಳಲ್ಲಿಟ್ಟು, ಕೋಲೂರಿ, ಗೋಡೆಗೆ ಭುಜ ಸವರಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಹಿಂಬಾಗಿಲಿಗೆ ಬಂದಳು. ಮೇಸ್ತ್ರಿ ಅವಳ ತೋಳು ಹಿಡಿದು ಹೊರಗೆಳೆದುಕೊಂಡ. ಎಲ್ಲರೂ ಬೀದಿಗೆ ಓಡಿದರು. ಹಿಂದಿನ ಕೋಣೆ ಹೋದದ್ದು ಅವರು ಬೇವಿನ ಮರದ ಹತ್ತಿರ ಮುಟ್ಟುವಷ್ಟರಲ್ಲಿ. ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ಗೋಡೆ ಒಳಗೆ ಬಾಗಿತು, ಮಂಚವಿದ್ದ ಜಾಗದಲ್ಲಿ ದುಂಡನೆಯ ಕತ್ತಲೆ ಕಾಣಿಸಿತು. ಅಂಗಳದ ಕೊಳವೆ ಸ್ವಲ್ಪ ಹೊತ್ತು ನೆಟ್ಟಗೆ ನಿಂತಿದ್ದು, ಆಮೇಲೆ ಕೆಳಗಿನಿಂದ ಯಾರೋ ಎಳೆದುಕೊಂಡ ಹಾಗೆ ನೆಟ್ಟಗೇ ಇಳಿದುಹೋಯಿತು.

ಆ ಕುಳಿಗೆ ತಿಂಗಳುಗಟ್ಟಲೆ ಲಾರಿಗಳಲ್ಲಿ ಮಣ್ಣು ಸುರಿದರು. ತುಂಬಲಿಲ್ಲ. ಕೊನೆಗೆ ಬೇಲಿ ಹಾಕಿ ಬಿಟ್ಟರು. ವಿಚಾರಣೆಯಲ್ಲಿ ಸಾಹೇಬರು, ಗುಮಾಸ್ತರು, ಕಲ್ಲಕ್ಕ, ಮೂವರೂ ತಪ್ಪು ತಮ್ಮದೆಂದರು. ಸರಕಾರಕ್ಕೆ ಹಾಗೆ ಹೇಳುವವರನ್ನು ಏನು ಮಾಡಬೇಕೆಂದು ಗೊತ್ತಾಗಲಿಲ್ಲವೋ ಏನೋ, ಎಚ್ಚರಿಕೆ ಕೊಟ್ಟು ಸುಮ್ಮನಾಯಿತು. ಶೆಡ್ಡಿಗೆ ಇನ್ನೊಂದು ಸೂರು ಕಟ್ಟಿಸಿದರು. ಕಲ್ಲಕ್ಕ ಪ್ರತಿಯೊಂದು ಪೆಟ್ಟಿಗೆಯನ್ನೂ ಬಿಚ್ಚಿ ಖಾಲಿಗಳನ್ನು ಮತ್ತೆ ಕೂರಿಸಿದಳು. ಕೆಲಸದಿಂದ ನಿವೃತ್ತಳಾಗುವ ತನಕ, ಯಾರ ಮುಖವನ್ನೂ ನೋಡದೆ, ಅವನ್ನು ಕಾದಳು.

ಆದರೆ ಅವಳು ಸಾಯುವ ತನಕ ಮತ್ತೆ ಮತ್ತೆ ನೆನೆದದ್ದು ಆ ಕುಳಿಯನ್ನಲ್ಲ, ಆ ಸಂಜೆಯನ್ನು. ಬೇವಿನ ಮರದ ಕೆಳಗೆ, ಯಾರೋ ತಂದುಕೊಟ್ಟ ಚಾಪೆಯ ಮೇಲೆ ಅತ್ತೆ ಸೊಸೆ ಕೂತಿದ್ದರು. ಧೂಳು ಇನ್ನೂ ಇಳಿದಿರಲಿಲ್ಲ. ಅತ್ತೆ ಚೀಲದೊಳಗಿನ ಬಟ್ಟೆಯನ್ನು ಮಡಿಸಿ ಮಡಿಸಿ ಇಡುತ್ತಿದ್ದಳು. ಎರಡೇ ಬಡಿತ ಕೇಳಿದವಳು ಎದ್ದು ಬಂದದ್ದು ಹೇಗೆ ಎಂಬುದು ಕಲ್ಲಕ್ಕನ ಒಳಗೆ ಕೊರೆಯುತ್ತಿತ್ತು.

"ಅತ್ತೆ" ಎಂದು ಅವಳು ಕಿವಿಯ ಹತ್ತಿರ ಬಾಗಿದಳು. "ನಿಮಗೆ ಎಷ್ಟು ಕೇಳಿಸ್ತು?"

"ಮೂರು."

"ಮೂರಾ?"

"ಮೊದಲಿನ ಎರಡು ನಿಂದು" ಎಂದಳು ಅತ್ತೆ, ಮಡಿಕೆಯಿಂದ ಕಣ್ಣೆತ್ತದೆ. "ಗಾಬರಿ ಬಿದ್ದ ಕೈ. ಇಷ್ಟು ವರ್ಷ ಒಂದೇ ಮನೇಲಿ ಇದೀವಿ, ನಿನ್ನ ಕೈ ನಂಗೆ ಗೊತ್ತಾಗಲ್ವಾ? ನಾನು ಏಳ್ಬಾರ್ದು ಅಂತಲೇ ಕೂತಿದ್ದೆ. ಆಮೇಲೆ ಮಂಚದ ಕೆಳಗಿಂದ ಒಂದು ಬಂತು. ಅದು ಅವನದು. ಗಟ್ಟಿಯಾಗಿ, ಸಿಟ್ಟು ಬಂದಾಗ ಹೊಡೀತಿದ್ನಲ್ಲ, ಹಾಗೆ." ಚೀಲದ ಬಾಯಿ ಕಟ್ಟಿದಳು. "ಹೋಗಮ್ಮ ಅಂದ. ಅವನು ಅಲ್ಲೇ ಇರ್ತಾನಂತೆ. ಇನ್ನು ಬರಲ್ಲ."

ಸ್ಪ್ಯಾನರು ಬಿದ್ದದ್ದನ್ನು ಕಲ್ಲಕ್ಕ ಹೇಳಲಿಲ್ಲ. ಅದು ಆ ಕತ್ತಲೆಯಲ್ಲಿ ಎಲ್ಲೋ ಕಲ್ಲಿಗೆ ಬಡಿದಿರಬೇಕು, ಮಂಚದ ಕೆಳಗೇ ಬಡಿದಿರಬೇಕು ಎಂದು ಮನಸ್ಸಿಗೆ ಹೇಳಿಕೊಂಡಳು. ಕಿವಿ ಹಚ್ಚಿ ಕಾದಿದ್ದ ತನಗೆ ಯಾಕೆ ಕೇಳಲಿಲ್ಲ ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ಅತ್ತೆಯ ಕೆನ್ನೆ ಒದ್ದೆಯಾಗಿತ್ತು. ಮುದುಕಿ ಅಳುತ್ತಿದ್ದಳು. ಅದನ್ನು ನೋಡಿ ಕಲ್ಲಕ್ಕ ಅವಳ ಮಡಿಲಿಗೆ ತಲೆಯಿಟ್ಟು, ಬೀದಿಯ ಜನರೆಲ್ಲ ನೋಡುತ್ತಿರುವಂತೆಯೇ, ಗಂಡ ಸತ್ತ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತಳು.